ಕಾಣದ್ದು ಇಲ್ಲವೆಂದಲ್ಲ: ಕಾಡಿನ ಲೆಕ್ಕವನ್ನು ವರ್ಷಗಟ್ಟಲೆ ಇಡುವ ಬಗೆ

ಒಂದು ಕಾಡಿನಲ್ಲಿ ಹತ್ತು ವರ್ಷದ ಹಿಂದೆ 112 ಹಕ್ಕಿ ಪ್ರಭೇದಗಳು ದಾಖಲಾಗಿದ್ದವು, ಈಗ 131 ಆಗಿವೆ ಎಂದುಕೊಳ್ಳೋಣ. ಓದಿದವರಿಗೆ ಸಂತೋಷವಾಗುತ್ತದೆ. ಆದರೆ ಮೊದಲ ಸಮೀಕ್ಷೆ ನಡೆದದ್ದು ಎಷ್ಟು ದಿನ? ಯಾವ ತಿಂಗಳಲ್ಲಿ? ಎಷ್ಟು ಮಂದಿ ಹೋಗಿದ್ದರು? ಕೂಗು ಕೇಳಿ ಗುರುತಿಸಿದ್ದನ್ನೂ ಸೇರಿಸಿಕೊಂಡಿದ್ದರೋ, ಕಣ್ಣಿಗೆ ಬಿದ್ದದ್ದನ್ನು ಮಾತ್ರವೋ? ಎರಡನೆಯ ಸಲ ಜನ ದುಪ್ಪಟ್ಟಾಗಿ, ವಲಸೆ ಹಕ್ಕಿಗಳು ಬಂದಿಳಿದ ತಿಂಗಳಲ್ಲಿ ಹೋಗಿದ್ದರೆ ಆ 19 ಪ್ರಭೇದಗಳ ಹೆಚ್ಚಳಕ್ಕೂ ಕಾಡಿನ ಆರೋಗ್ಯಕ್ಕೂ ಸಂಬಂಧವೇ ಇರಲಾರದು. ಕಾಡು ಸೊರಗುತ್ತಿರುವಾಗಲೂ ಪಟ್ಟಿ ಬೆಳೆಯಬಹುದು.

ವರ್ಷಗಟ್ಟಲೆ ಇಡುವ ಲೆಕ್ಕದಲ್ಲಿ ಎರಡು ಸಂಗತಿಗಳು ಒಟ್ಟಿಗೇ ಬದಲಾಗುತ್ತಿರುತ್ತವೆ. ಕಾಡು ಒಂದು, ಕಾಡನ್ನು ನಾವು ನೋಡುವ ರೀತಿ ಇನ್ನೊಂದು. ನೋಡಿದ ರೀತಿಯನ್ನು ಬರೆದಿಡದಿದ್ದರೆ ಕಾಡಿನ ಬದಲಾವಣೆಯನ್ನು ಬಿಡಿಸಿ ತೋರಿಸಲು ಯಾವ ಸೂತ್ರಕ್ಕೂ ಆಗದು. ಭಾರತದ ಹುಲಿ ಅಂದಾಜನ್ನೇ ನೋಡಿ. ದಶಕಗಳ ಕಾಲ ಹೆಜ್ಜೆ ಗುರುತಿನ ಗಣತಿ ನಡೆಯಿತು. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ, ನುರಿತ ಕಣ್ಣು ಅದನ್ನು ಗುರುತಿಸಬಲ್ಲದು ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. 2005ರಲ್ಲಿ ರಾಜಸ್ಥಾನದ ಸರಿಸ್ಕಾ ಹುಲಿ ಮೀಸಲಿನಲ್ಲಿ ಹುಲಿಯೇ ಉಳಿದಿಲ್ಲ ಎಂಬುದು ಬಯಲಾದ ಮೇಲೆ ಆ ಪದ್ಧತಿ ಹೋಗಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ) ಮತ್ತು ಸಂಖ್ಯಾಶಾಸ್ತ್ರವನ್ನು ನೆಚ್ಚಿದ ಪದ್ಧತಿ ಬಂತು. 2006ರ ಅಂದಾಜು 1,411. 2010ರದ್ದು 1,706, 2014ರದ್ದು 2,226, 2018ರದ್ದು 2,967. ಆದರೆ 2006ರ ಲೆಕ್ಕದಲ್ಲಿ ಸುಂದರಬನ ಇರಲಿಲ್ಲ, ಆಮೇಲೆ ಸೇರಿತು. 2018ರ ಸುತ್ತಿನಲ್ಲಿ ಕ್ಯಾಮೆರಾಗಳನ್ನು ಇಟ್ಟದ್ದು 26,838 ಜಾಗಗಳಲ್ಲಿ. ಹುಲಿ ಹೆಚ್ಚಿದ್ದೆಷ್ಟು, ನಾವು ನೋಡಿದ ನೆಲ ಹೆಚ್ಚಿದ್ದೆಷ್ಟು ಎಂದು ತಿಳಿಯಬೇಕಾದರೆ ಎಲ್ಲ ಸುತ್ತುಗಳಲ್ಲೂ ನೋಡಿದ ಜಾಗಗಳನ್ನಷ್ಟೇ ಎದುರುಬದುರು ಇಟ್ಟು ಹೋಲಿಸಬೇಕು. ಒಟ್ಟು ಮೊತ್ತಗಳ ಹೋಲಿಕೆಯಿಂದ ಅದು ತಿಳಿಯುವುದಿಲ್ಲ.

ಎಲ್ಲಿ ನೋಡುವುದು

ನಕ್ಷೆಯ ಮೇಲೆ ಚೌಕಗಳನ್ನು ಎಳೆಯುವುದರಿಂದ ಕೆಲಸ ಶುರು. ಚೌಕದ ಅಳತೆಯನ್ನು ತೀರ್ಮಾನಿಸುವುದು ನಾವು ಹುಡುಕುವ ಪ್ರಾಣಿ. ಮರಗಪ್ಪೆಗೆ ಒಂದು ಹೆಕ್ಟೇರ್ ದೊಡ್ಡ ಪ್ರಪಂಚ. ಆನೆಗೆ ನೂರು ಚದರ ಕಿಲೋಮೀಟರೂ ಸಾಲದು. ಪ್ರಾಣಿಯ ಸಂಚಾರದ ಹರವಿಗಿಂತ ಚೌಕ ಚಿಕ್ಕದಾದರೆ ಒಂದೇ ಪ್ರಾಣಿ ನಾಲ್ಕು ಚೌಕಗಳಲ್ಲಿ 'ಇದೆ' ಎಂದು ನಮೂದಾಗುತ್ತದೆ. ಆಗ ಸಿಗುವುದು ಪ್ರಾಣಿ ಬಳಸಿದ ಜಾಗದ ಲೆಕ್ಕ, ಪ್ರಾಣಿ ನೆಲೆಸಿದ ಜಾಗದ್ದಲ್ಲ. ವರದಿಯಲ್ಲಿ ಇವೆರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುವುದು ಬಹಳ ಕಡೆ ಕಾಣುವ ತಪ್ಪು.

ಚೌಕಗಳನ್ನು ಕಾಡಿನ ಬಗೆ, ಎತ್ತರ, ಜನರ ಓಡಾಟ ಇವುಗಳ ಮೇಲೆ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿದಂತೆ ಕೆಲವನ್ನು ಆರಿಸಬೇಕು. ಜೀಪು ಹೋಗುವ ದಾರಿಗೆ ಹತ್ತಿರ ಎಂಬುದು ಆಯ್ಕೆಯ ಕಾರಣವಾಗಕೂಡದು. ಕಾಡಿನ ರಸ್ತೆಗಳು ಸಮತಟ್ಟು ಜಾಗ ಹಿಡಿದು, ನೀರಿನ ಹತ್ತಿರ ಹಾದು ಹೋಗುತ್ತವೆ. ಅಂಚಿಗೆ ಬಿಸಿಲು ಬೀಳುವುದರಿಂದ ಹುಲ್ಲು ಚಿಗುರುತ್ತದೆ, ಜಿಂಕೆಗಳು ಸೇರುತ್ತವೆ. ರಸ್ತೆಯ ಬದಿಯ ಎಣಿಕೆಯನ್ನು ಇಡೀ ಕಾಡಿಗೆ ಹರಡಿದರೆ ಜಿಂಕೆಯ ಸಂಖ್ಯೆ ಉಬ್ಬುತ್ತದೆ, ಒಳಗಾಡಿನ ಕಾಡುಕುರಿ ಕಾಣೆಯಾಗುತ್ತದೆ. ಹುಲಿಯ ಪಟ್ಟೆ ಗುರುತಿಸಲು ಕ್ಯಾಮೆರಾವನ್ನು ದಾರಿಯ ಮೇಲೇ ಇಡುತ್ತಾರೆ, ಏಕೆಂದರೆ ಹುಲಿ ದಾರಿ ಹಿಡಿದು ನಡೆಯುತ್ತದೆ. ಅದು ಸರಿಯೇ. ಆದರೆ ಅದೇ ಕ್ಯಾಮೆರಾದ ಚಿತ್ರಗಳಿಂದ ಮುಳ್ಳುಹಂದಿಯ ಸಾಂದ್ರತೆ ಹೇಳಹೊರಟರೆ ಲೆಕ್ಕ ಹಳಿ ತಪ್ಪುತ್ತದೆ.

ಎಷ್ಟು ಜಾಗ ಬೇಕು ಎಂಬುದನ್ನು ಹೊರಡುವ ಮೊದಲೇ ಕಾಗದದ ಮೇಲೆ ಹಾಕಿ ನೋಡಬೇಕು. 60 ಜಾಗಗಳಲ್ಲಿ ಒಂದು ಪ್ರಭೇದ ಶೇ. 60ರಷ್ಟು ಕಡೆ ಇದೆ ಎಂದಿಟ್ಟುಕೊಳ್ಳಿ. ಪ್ರಮಾಣ ದೋಷ (ಅಂದಾಜು ಎಷ್ಟು ಓಲಾಡಬಹುದು ಎಂಬುದರ ಅಳತೆ) ಸುಮಾರು 0.063, ಅದರ ಸುಮಾರು ಎರಡರಷ್ಟನ್ನು ಆಚೀಚೆ ಹಿಡಿದರೆ ನಿಜವಾದ ಬೆಲೆ 0.48ರಿಂದ 0.72ರ ನಡುವೆ ಎಲ್ಲಾದರೂ ಇರಬಹುದು. ಐದು ವರ್ಷದಲ್ಲಿ ಆ ಪ್ರಭೇದ ಶೇ. 50ಕ್ಕೆ ಇಳಿದರೂ ಈ ಸಮೀಕ್ಷೆಗೆ ಗೊತ್ತೇ ಆಗುವುದಿಲ್ಲ. ಇದು ಕೂಡ ಪ್ರತಿ ಜಾಗದಲ್ಲೂ ಪ್ರಾಣಿ ಇದ್ದರೆ ತಪ್ಪದೆ ಕಾಣುತ್ತದೆ ಎಂದು ಹಿಡಿದ ಲೆಕ್ಕ. ಆ ಉದಾರತೆ ಕಾಡಿನಲ್ಲಿ ನಡೆಯುವುದಿಲ್ಲ. 'ಬದಲಾವಣೆ ಕಂಡುಬಂದಿಲ್ಲ' ಎಂಬ ವಾಕ್ಯ ಓದಿದಾಗಲೆಲ್ಲ, ಬದಲಾವಣೆ ಆಗಿದ್ದರೆ ಕಾಣುವಷ್ಟು ಜಾಗಗಳನ್ನು ನೋಡಿದ್ದರೇ ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ಮೇಲಿನಿಂದ ಕಾಣುವ ಕಾಡು

ಆವಾಸದ ಹಳೆಯ ಚಿತ್ರ ಬೇಕೆಂದರೆ ಉಪಗ್ರಹ ಬಿಟ್ಟರೆ ಬೇರೆ ದಾರಿ ಕಡಿಮೆ. ಲ್ಯಾಂಡ್‌ಸ್ಯಾಟ್ ಮಾಲಿಕೆಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 1982ರಲ್ಲಿ ಹಾರಿದ ನಾಲ್ಕನೆಯದರಿಂದ ಒಂದೊಂದು ಚುಕ್ಕಿಯೂ ನೆಲದ 30 ಮೀಟರ್ ಚೌಕವಾಗಿರುವ ಚಿತ್ರಗಳು ಸಿಗತೊಡಗಿದವು. 2008ರಲ್ಲಿ ಇಡೀ ಸಂಗ್ರಹವನ್ನು ಉಚಿತವಾಗಿ ತೆರೆದಿಟ್ಟದ್ದು ಕಾಡಿನ ಅಧ್ಯಯನಕ್ಕೆ ಸಿಕ್ಕ ಅತಿ ದೊಡ್ಡ ಉಪಕಾರಗಳಲ್ಲಿ ಒಂದು. 2015ರಲ್ಲಿ ಬಂದ ಯುರೋಪಿನ ಉಪಗ್ರಹ ಸೆಂಟಿನೆಲ್-2 ಅದನ್ನು 10 ಮೀಟರಿಗೆ ಇಳಿಸಿತು.

ಇಲ್ಲಿ ಎಡವುವುದು ಹೆಚ್ಚಾಗಿ ಋತುವಿನಲ್ಲಿ. ಎಲೆಯುದುರುವ ಕಾಡಿನ ನವೆಂಬರ್ ಚಿತ್ರವನ್ನೂ ಮಾರ್ಚ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಕಾಡೇ ಅಳಿದಂತೆ ತೋರುತ್ತದೆ. ಹಸಿರಿನ ಸೂಚ್ಯಂಕ ಎನ್‌ಡಿವಿಐ ಎಂದರೆ ಸಮೀಪದ ಅವಕೆಂಪು ಬೆಳಕಿನಿಂದ ಕೆಂಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದ ಅಂಕಿ, ಅಷ್ಟೇ. ಅದಕ್ಕೆ ಎಲೆ ಕಾಣುತ್ತದೆ, ಯಾವ ಗಿಡದ ಎಲೆ ಎಂಬುದು ಕಾಣುವುದಿಲ್ಲ. ದಟ್ಟ ಕಾಡಿನಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಹಳೆಯ ಮಳೆಕಾಡು ಮತ್ತು ಹದಿನೈದು ವರ್ಷದ ತೋಪು ಎರಡೂ ಒಂದೇ ಹಸಿರು. ಆದ್ದರಿಂದ ಪ್ರತಿ ವರ್ಷವೂ ಅದೇ ತಿಂಗಳ, ಮಳೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ ಹಂತದ ಚಿತ್ರಗಳನ್ನು ಆರಿಸಬೇಕು. 2003ರ ಮೇ ನಂತರದ ಲ್ಯಾಂಡ್‌ಸ್ಯಾಟ್ 7 ಚಿತ್ರಗಳಲ್ಲಿ ಯಂತ್ರದ ದೋಷದಿಂದ ಪಟ್ಟೆಪಟ್ಟೆಯಾಗಿ ಶೇ. 22ರಷ್ಟು ಭಾಗ ಖಾಲಿ. ಆ ಖಾಲಿಯನ್ನು 'ಕಾಡಿಲ್ಲ' ಎಂದು ತಂತ್ರಾಂಶ ಎಣಿಸಿಬಿಡದಂತೆ ಮೊದಲೇ ಮುಚ್ಚಬೇಕು.

ಇನ್ನು ವ್ಯಾಖ್ಯೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿ 1987ರಿಂದ ಬರುತ್ತಿದೆ. ಅದರಲ್ಲಿ 'ಅರಣ್ಯ ಹೊದಿಕೆ' ಎಂದರೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಮರಗಳ ನೆತ್ತಿ ಶೇ. 10ಕ್ಕೆ ಕಡಿಮೆಯಿಲ್ಲದಂತೆ ಮುಚ್ಚಿದ ಯಾವ ನೆಲವಾದರೂ ಸರಿ, ಅದು ಯಾರದ್ದಾದರೂ ಸರಿ. ತೋಟವೂ ನೆಡುತೋಪೂ ಇದರೊಳಗೇ ಬರುತ್ತವೆ. ಮರ ಎಷ್ಟಿದೆ ಎಂದು ತಿಳಿಯಲು ಆ ಅಳತೆ ಸರಿಯಾದದ್ದೇ. ಮಂಗಟ್ಟೆಗೆ ಗೂಡು ಸಿಗುತ್ತದೆಯೇ ಎಂದು ತಿಳಿಯಲು ಅಲ್ಲ. ಮೊದಲ ವರದಿ ಹತ್ತು ಲಕ್ಷಕ್ಕೆ ಒಂದು ಪ್ರಮಾಣದ ನಕ್ಷೆಯಿಂದ ಬಂದದ್ದು, ಈಗಿನದ್ದು ಐವತ್ತು ಸಾವಿರಕ್ಕೆ ಒಂದರದ್ದು. ಮೊದಲು ನಕ್ಷೆಗೆ ಕಾಣದಿದ್ದ ಸಣ್ಣ ಹಸಿರು ತುಂಡುಗಳು ಈಗ ಕಾಣುತ್ತವೆ, ಹಾಗೆಯೇ ಕಾಡಿನ ನಡುವಿನ ಸಣ್ಣ ಬಯಲುಗಳೂ ಕಾಣುತ್ತವೆ. ಅಂಥ ಎರಡು ಅಂಕಿಗಳನ್ನು ಒಂದರಿಂದೊಂದು ಕಳೆದು 'ಇಷ್ಟು ಹೆಚ್ಚಾಯಿತು' ಎನ್ನುವಂತಿಲ್ಲ.

ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಬದಲಾವಣೆ ಕಂಡುಹಿಡಿಯುವ ಅಭ್ಯಾಸವಂತೂ ಎಚ್ಚರ ಬೇಡುವಂಥದ್ದು. ಪ್ರತಿ ನಕ್ಷೆಯೂ ಶೇ. 90 ಸರಿಯಿದ್ದರೆ, ಎರಡೂ ಕಡೆ ಸರಿಯಿರುವ ಸಾಧ್ಯತೆ ಸುಮಾರು ಶೇ. 81. ಉಳಿದ ಹತ್ತೊಂಬತ್ತರ ಸದ್ದಿನಲ್ಲಿ ಶೇ. 2–3ರಷ್ಟಿರುವ ನಿಜವಾದ ಬದಲಾವಣೆ ಮುಳುಗಿಹೋಗುತ್ತದೆ. ಇದಕ್ಕೆ ಪರಿಹಾರವಿದೆ, ದುಬಾರಿಯೂ ಅಲ್ಲ. ಒಂದು ಲಕ್ಷ ಹೆಕ್ಟೇರಿನ ಪ್ರದೇಶದಲ್ಲಿ 1,000 ಹೆಕ್ಟೇರ್ ಕಾಡು ಹೋಗಿದೆ ಎಂದು ನಕ್ಷೆ ಹೇಳಿತು ಎನ್ನಿ. 'ಹೋಗಿದೆ' ಎಂದಿರುವ ಭಾಗದಿಂದ 100 ಬಿಂದುಗಳನ್ನೂ 'ಹಾಗೇ ಇದೆ' ಎಂದಿರುವ ಭಾಗದಿಂದ 500 ಬಿಂದುಗಳನ್ನೂ ಚೀಟಿಯೆತ್ತಿ ಆರಿಸಿ, ಸ್ಪಷ್ಟವಾದ ಚಿತ್ರದಲ್ಲೋ ಸ್ಥಳಕ್ಕೇ ಹೋಗಿಯೋ ಪರಿಶೀಲಿಸಬೇಕು. ಮೊದಲನೆಯದರಲ್ಲಿ 80 ಮಾತ್ರ ನಿಜ, ಎರಡನೆಯದರಲ್ಲಿ 5 ಕಡೆ ಕಾಡು ಹೋಗಿದ್ದರೂ ನಕ್ಷೆಗೆ ತಿಳಿದಿಲ್ಲ ಎಂದು ಬಂದರೆ, ಸರಿಪಡಿಸಿದ ಅಂದಾಜು 1,000ದ ಶೇ. 80, ಅಂದರೆ 800. ಜೊತೆಗೆ 99,000ದ ಶೇ. 1, ಅಂದರೆ 990. ಒಟ್ಟು 1,790 ಹೆಕ್ಟೇರ್. ನಕ್ಷೆ ಹೇಳಿದ್ದರ ಹತ್ತಿರ ಹತ್ತಿರ ಎರಡರಷ್ಟು! ಆರುನೂರು ಬಿಂದುಗಳನ್ನು ನೋಡುವ ತಾಳ್ಮೆಯಿಲ್ಲದೆ ಪ್ರಕಟವಾಗುವ ಬಣ್ಣದ ನಕ್ಷೆಗಳ ಬಗ್ಗೆ ನನಗೆ ನಿಜಕ್ಕೂ ಕಳವಳ.

ಎಷ್ಟು ಕಾಡು ಎನ್ನುವುದರ ಜೊತೆಗೆ ಅದು ಎಷ್ಟು ತುಂಡಾಗಿದೆ ಎಂಬುದೂ ಬೇಕು. ಬ್ರೆಜಿಲಿನ ಮನಾಸ್ ಬಳಿ 1979ರಲ್ಲಿ ಶುರುವಾದ ಕಾಡಿನ ತುಂಡುಗಳ ದೀರ್ಘ ಪ್ರಯೋಗ 1, 10 ಮತ್ತು 100 ಹೆಕ್ಟೇರಿನ ತುಂಡುಗಳನ್ನು ಗಮನಿಸುತ್ತ ಬಂದಿದೆ. ಗಾಳಿ, ಒಣಹವೆ, ಮರ ಸಾಯುವುದು ಮುಂತಾದ ಅಂಚಿನ ಪರಿಣಾಮಗಳಲ್ಲಿ ಹೆಚ್ಚಿನವು ಮೊದಲ 100 ಮೀಟರಿನೊಳಗೆ ಕಾಣುತ್ತವೆ. ಕೆಲವು ಇನ್ನೂ ಒಳಕ್ಕೆ ಹೋಗುತ್ತವೆ. ಆ 100 ಮೀಟರನ್ನೇ ಹಿಡಿದು ಲೆಕ್ಕ ಹಾಕಿ. ಚೌಕಾಕಾರದ 100 ಹೆಕ್ಟೇರ್ ತುಂಡಿನಲ್ಲಿ ಉಳಿಯುವ ಒಳಗಾಡು 64 ಹೆಕ್ಟೇರ್. 10 ಹೆಕ್ಟೇರಿನದರಲ್ಲಿ ಒಂದೂಕಾಲು ದಾಟಿ ಒಂದೂವರೆಯೊಳಗೆ. ಒಂದು ಹೆಕ್ಟೇರಿನದರಲ್ಲಿ ಒಳಗಾಡೇ ಇಲ್ಲ, ಎಲ್ಲವೂ ಅಂಚು. ವಿದ್ಯುತ್ ತಂತಿಯ ಒಂದು ಸೀಳು, ಒಂದು ರಸ್ತೆ ಹಾದುಹೋದರೆ ಕಳೆದುಹೋಗುವ ಕಾಡು ಅದರ ಅಗಲದಷ್ಟೇ ಅಲ್ಲ ಎನ್ನುವುದು ಇದರಿಂದಲೇ.

ನೆಲಕ್ಕಿಳಿದಾಗ

ಮರಗಳ ಲೆಕ್ಕಕ್ಕೆ ಗುರುತು ಹಾಕಿದ ಶಾಶ್ವತ ತಾಕುಗಳು ಬೇಕು. ಮುದುಮಲೈಯಲ್ಲಿ 1988ರಲ್ಲಿ ಹಾಕಿದ 50 ಹೆಕ್ಟೇರ್ ತಾಕು, ಪನಾಮಾದ ಬಾರೋ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಿಂದ ನಡೆದಿರುವ ಅದೇ ಅಳತೆಯ ತಾಕು, ಇವು ದೊಡ್ಡ ಉದಾಹರಣೆಗಳು. ಒಂದು ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಮತ್ತೆ ಮತ್ತೆ ಅಳೆಯುತ್ತಾರೆ. ಪ್ರದೇಶ ಮಟ್ಟದ ಕೆಲಸಕ್ಕೆ ಅಷ್ಟು ದೊಡ್ಡದು ಒಂದಿರುವುದಕ್ಕಿಂತ 20 × 20 ಮೀಟರಿನ ಅಥವಾ 11.28 ಮೀಟರ್ ತ್ರಿಜ್ಯದ ವೃತ್ತಾಕಾರದ (ಎರಡೂ 400 ಚದರ ಮೀಟರ್) ಹತ್ತಾರು ತಾಕುಗಳು ಹರಡಿಕೊಂಡಿರುವುದು ಮೇಲು.

ತಪ್ಪು ನುಸುಳುವುದು ಸಣ್ಣ ವಿಷಯಗಳಲ್ಲೇ. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಒತ್ತಿ 20 ಮೀಟರ್ ಟೇಪು ಹಿಡಿದರೆ ಸಮತಲದಲ್ಲಿ ಸಿಗುವುದು 17.3 ಮೀಟರ್, 20 ಬೇಕಾದರೆ ಇಳಿಜಾರಿನ ಉದ್ದಕ್ಕೆ 23.1 ಮೀಟರ್ ಹಿಡಿಯಬೇಕು. ಎದೆಮಟ್ಟದ ಸುತ್ತಳತೆಯನ್ನು ಬಹಳಷ್ಟು ಕಡೆ 1.3 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ, ಭಾರತದ ಅರಣ್ಯ ಇಲಾಖೆಗಳ ರೂಢಿ 1.37. ಒಂದು ಸುತ್ತಿನಲ್ಲಿ ಅದು, ಇನ್ನೊಂದರಲ್ಲಿ ಇದು ಎಂದಾದರೆ ಮರ ಬೆಳೆಯದೆಯೂ ಬೆಳೆದಂತೆ, ಇಲ್ಲವೇ ಕುಗ್ಗಿದಂತೆ ಕಾಣುತ್ತದೆ. ಅಳೆದ ಜಾಗಕ್ಕೇ ಬಣ್ಣದ ಗೆರೆ ಎಳೆಯಬೇಕು. ಸಂಖ್ಯೆಯ ತಗಡಿನ ಮೊಳೆಯನ್ನು ಆ ಗೆರೆಯಿಂದ ದೂರದಲ್ಲಿ, ಪೂರ್ತಿ ಒಳಕ್ಕೆ ಹೋಗದಂತೆ ಹೊಡೆಯಬೇಕು. ಗೆರೆಯ ಮೇಲೇ ಹೊಡೆದರೆ ಮೊಳೆಯ ಸುತ್ತ ತೊಗಟೆ ಉಬ್ಬಿ ಮುಂದಿನ ಅಳತೆ ಸುಳ್ಳಾಗುತ್ತದೆ, ಪೂರ್ತಿ ಹೊಡೆದರೆ ಮರ ತಗಡನ್ನೇ ನುಂಗುತ್ತದೆ. ಬುಡದಲ್ಲಿ ಹಲಗೆಬೇರು ಇರುವ ಮರವನ್ನು ಆ ಬೇರು ಮುಗಿದ ಅರ್ಧ ಮೀಟರ್ ಮೇಲೆ ಅಳೆದು, ಎತ್ತರ ಎಷ್ಟೆಂದು ಬರೆಯಬೇಕು.

ಆದರೆ ಮರದ ಪಟ್ಟಿಯೊಂದೇ ಆವಾಸವಲ್ಲ. ಅದೇ ತಾಕಿನಲ್ಲಿ ಪೊಟರೆಯಿರುವ ಮರಗಳೆಷ್ಟು, ನಿಂತೇ ಒಣಗಿದ್ದೆಷ್ಟು, ಬಿದ್ದ ದಿಮ್ಮಿಗಳ ಉದ್ದ ದಪ್ಪ ಎಷ್ಟು, ನೆತ್ತಿ ಎಷ್ಟು ಮುಚ್ಚಿದೆ, ತರಗೆಲೆ ಎಷ್ಟು ಬೆರಳು ದಪ್ಪ, ಹೊರಗಿನಿಂದ ಬಂದ ಲಂಟಾನ ಪೊದೆ ನೆಲದ ಎಷ್ಟು ಭಾಗ ಹಬ್ಬಿದೆ, ಬೇಸಿಗೆಯ ನೀರು ಎಷ್ಟು ದೂರ, ಇವನ್ನೆಲ್ಲ ಬರೆಯಬೇಕು. ಮಂಗಟ್ಟೆಗೆ ಬೇಕಾದದ್ದು ದೊಡ್ಡ ಮರದ ಪೊಟರೆ ಮತ್ತು ವರ್ಷವಿಡೀ ಅಲ್ಲೊಂದು ಇಲ್ಲೊಂದು ಹಣ್ಣು. ಒಂದು ಹೆಕ್ಟೇರಿಗೆ ಎಷ್ಟು ಮರ ಎಂಬ ಸರಾಸರಿ ಅದನ್ನು ಹೇಳುವುದಿಲ್ಲ. ಗುರುತು ಹಾಕಿದ ಒಂದಷ್ಟು ಮರಗಳನ್ನು ತಿಂಗಳಿಗೊಮ್ಮೆ ನೋಡಿ ಚಿಗುರು, ಹೂ, ಕಾಯಿ, ಹಣ್ಣು ಎಂದು ನಮೂದಿಸುವುದು ಖರ್ಚಿಲ್ಲದ, ಆದರೆ ಯಾರೂ ಮುಂದುವರಿಸದ ಕೆಲಸ. ಮತ್ತೊಂದು ಕಡೆ, ಮರಗಳೆಲ್ಲ ನೆಟ್ಟಗೆ ನಿಂತಿದ್ದೂ ಬೇಟೆಯಿಂದ ಪ್ರಾಣಿಗಳು ಬರಿದಾದ ಕಾಡುಗಳಿವೆ. 1992ರಲ್ಲೇ ಕೆಂಟ್ ರೆಡ್‌ಫೋರ್ಡ್ ಇದರತ್ತ ಬೆರಳು ತೋರಿಸಿದ್ದರು. ಉಪಗ್ರಹಕ್ಕೆ ಅಂಥ ಕಾಡು ಪರಿಪೂರ್ಣವಾಗಿ ಕಾಣುತ್ತದೆ.

ಕಾಣದ ಪ್ರಾಣಿಯ ಲೆಕ್ಕ

ಈ ವಿದ್ಯೆಯ ತಿರುಳು ಇಲ್ಲಿದೆ. ಒಂದು ಜಾಗಕ್ಕೆ ಹೋದಾಗ ಪ್ರಾಣಿ ಕಾಣಲಿಲ್ಲ ಎಂದರೆ ಎರಡು ಸಾಧ್ಯತೆ: ಅಲ್ಲಿ ಇಲ್ಲ, ಅಥವಾ ಇದ್ದೂ ನಮಗೆ ಕಾಣಲಿಲ್ಲ. ಒಂದೇ ಸಲ ಹೋದವರಿಗೆ ಇವೆರಡನ್ನು ಬೇರ್ಪಡಿಸುವ ದಾರಿಯೇ ಇಲ್ಲ. ಅದೇ ಜಾಗಕ್ಕೆ ಅದೇ ಋತುವಿನಲ್ಲಿ ಮತ್ತೆ ಮತ್ತೆ ಹೋಗಿ, ಕಂಡ ಸಲ 1, ಕಾಣದ ಸಲ 0 ಎಂದು 01001 ಈ ರೀತಿ ಬರೆದುಕೊಂಡರೆ, ಇದ್ದಾಗ ಕಾಣುವ ಸಾಧ್ಯತೆ ಎಷ್ಟು ಎಂಬುದು ಆ ಸಾಲುಗಳಿಂದಲೇ ಹೊರಬರುತ್ತದೆ. ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ಮಾದರಿ ಕೊಟ್ಟರು. ಒಂದು ಭೇಟಿಯಲ್ಲಿ ಕಾಣುವ ಸಾಧ್ಯತೆ 0.3 ಆದರೆ ಐದು ಭೇಟಿಗಳ ನಂತರವೂ ಪ್ರಾಣಿ ಇರುವ ಜಾಗಗಳ ಪೈಕಿ ಶೇ. 17ರಷ್ಟರಲ್ಲಿ ಅದು ತಪ್ಪಿಹೋಗುತ್ತದೆ. ಎಂಟು ಭೇಟಿಗೆ ಅದು ಶೇ. 6ಕ್ಕೂ ಕೆಳಗಿಳಿಯುತ್ತದೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ನೋಡಿ. ನೂರು ಜಾಗಗಳಲ್ಲಿ 60ರಲ್ಲಿ ಕಾಡುಕುರಿ ಇದೆ. ಮೊದಲ ವರ್ಷ ಹೊಸಬರ ತಂಡ. ಕಾಣುವ ಸಾಧ್ಯತೆ 0.3, ಮೂರು ಭೇಟಿ. ಸುಮಾರು 39 ಜಾಗಗಳಲ್ಲಿ ಸಿಗುತ್ತದೆ. ಐದು ವರ್ಷದ ನಂತರ ಪಳಗಿದ ತಂಡ, ಸಾಧ್ಯತೆ 0.5, ಅದೇ ಮೂರು ಭೇಟಿ. ಈಗ 52 ಜಾಗ. ಕಾಡುಕುರಿ ಒಂದೂ ಹೆಚ್ಚಿಲ್ಲ, ವರದಿಯಲ್ಲಿ ಮಾತ್ರ ಮೂರನೇ ಒಂದು ಭಾಗ ಏರಿಕೆ. ತಂಡ ಹಳಬರಿಂದ ಹೊಸಬರಿಗೆ ಬದಲಾದರೆ ಇದೇ ಆಟ ತಿರುವುಮುರುವಾಗಿ ನಡೆದು, ಇಲ್ಲದ ಕುಸಿತ ಹುಟ್ಟುತ್ತದೆ.

ತಪ್ಪಿಹೋಗುವುದಕ್ಕಿಂತ ಕೆಟ್ಟದ್ದು ತಪ್ಪಾಗಿ ಗುರುತಿಸುವುದು. ಕಾಡುಕುರಿಯ ಹಿಕ್ಕೆಯನ್ನು ಕೊಂಡುಕುರಿಯದ್ದೆಂದು ಬರೆದ ಕೆಲವೇ ನಮೂದುಗಳು ಇಡೀ ಅಂದಾಜನ್ನು ಮೇಲೆತ್ತಿಬಿಡುತ್ತವೆ, ಏಕೆಂದರೆ ಮೇಲಿನ ಮಾದರಿ '1' ಎಂಬುದನ್ನು ಕಣ್ಣುಮುಚ್ಚಿ ನಂಬುತ್ತದೆ. ನಮೂನೆಯಲ್ಲಿ 'ಖಚಿತವಿಲ್ಲ' ಎಂಬ ಕಾಲಂ ಇರಲೇಬೇಕು. ಅದನ್ನು ತುಂಬಿದವರನ್ನು ಯಾರೂ ಹೀಗಳೆಯಬಾರದು.

ಸಾಂದ್ರತೆ ಬೇಕಾದರೆ ಟ್ರಾನ್ಸೆಕ್ಟ್. ನೇರವಾದ ಸೀಳುದಾರಿಯಲ್ಲಿ ಮುಂಜಾನೆ ಸದ್ದಿಲ್ಲದೆ ನಡೆದು, ಕಂಡ ಪ್ರತಿ ಗುಂಪಿಗೂ ದೂರವನ್ನು ಲೇಸರ್ ರೇಂಜ್‌ಫೈಂಡರಿನಿಂದಲೂ ಕೋನವನ್ನು ದಿಕ್ಸೂಚಿಯಿಂದಲೂ ಅಳೆಯುತ್ತಾರೆ. 40 ಮೀಟರ್ ದೂರದಲ್ಲಿ, ದಾರಿಗೆ 30 ಡಿಗ್ರಿ ಕೋನದಲ್ಲಿ ಕಂಡ ಕಡವೆ ದಾರಿಯಿಂದ ಲಂಬವಾಗಿ 20 ಮೀಟರ್ ದೂರದಲ್ಲಿದೆ. ದೂರ ಹೆಚ್ಚಿದಂತೆ ಕಾಣುವುದು ಎಷ್ಟು ಕಡಿಮೆಯಾಗುತ್ತದೆ ಎಂಬ ಇಳಿಜಾರಿನಿಂದ, ಕಾಣದೆ ಉಳಿದವು ಎಷ್ಟು ಎಂದು ಲೆಕ್ಕ ಹಾಕಬಹುದು. ಆ ಇಳಿಜಾರು ನಂಬುವಂತಿರಬೇಕಾದರೆ ಒಂದು ಪ್ರಭೇದಕ್ಕೆ 60–80 ನೋಟಗಳಾದರೂ ಬೇಕು. ದಾರಿಯ ಮೇಲೇ ಇರುವ ಪ್ರಾಣಿ ಒಂದೂ ತಪ್ಪಬಾರದು. ನಮ್ಮನ್ನು ಕಂಡು ಸರಿಯುವ ಮೊದಲು ಅದು ಇದ್ದ ಜಾಗಕ್ಕೇ ಅಳತೆ ತೆಗೆಯಬೇಕು. ಅಂದಾಜಿಗೆ ದೂರ ಬರೆಯಬಾರದು. ಅಂದಾಜಿಗೆ ಬರೆದ ದತ್ತಾಂಶ ಒಂದು ನೋಟಕ್ಕೇ ಸಿಕ್ಕಿಬೀಳುತ್ತದೆ: ಎಲ್ಲ ಅಂಕಿಗಳೂ 10, 20, 50ರಲ್ಲಿ ಗುಂಪುಗಟ್ಟಿರುತ್ತವೆ. ಸೀಳುದಾರಿಯನ್ನು ತೀರಾ ಅಗಲವಾಗಿ ಸವರಿದರೆ ಪ್ರಾಣಿಗಳೇ ಅದನ್ನು ಓಡಾಟಕ್ಕೆ ಬಳಸತೊಡಗುತ್ತವೆ, ಆಗ ದಾರಿಯ ಮೇಲಿನ ಎಣಿಕೆ ಉಬ್ಬುತ್ತದೆ.

ಕ್ಯಾಮೆರಾ ಟ್ರ್ಯಾಪ್ ಹೆಚ್ಚು ನಂಬಿಕೆ ಗಳಿಸಿರುವ ಉಪಕರಣ, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುವುದೂ ಹೌದು. ದೊಡ್ಡ ಬೆಕ್ಕುಗಳಿಗೆ ದಾರಿಯ ಎರಡೂ ಬದಿಗೆ ಒಂದೊಂದು, ಮೊಣಕಾಲಿನ ಮಟ್ಟದಲ್ಲಿ, 40–50 ಸೆಂಟಿಮೀಟರ್ ಎತ್ತರಕ್ಕೆ ಕಟ್ಟುತ್ತಾರೆ. ಎಡ ಮತ್ತು ಬಲ ಪಕ್ಕದ ಪಟ್ಟೆಗಳು ಬೇರೆಯಾದ್ದರಿಂದ ಒಂದೇ ಪಕ್ಕದ ಚಿತ್ರ ಸಾಲದು. ಎರಡನ್ನೂ ನೇರ ಎದುರುಬದುರಾಗಿಸದೆ ತುಸು ಓರೆಯಾಗಿಸಿದರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಕೆಡಿಸುವುದಿಲ್ಲ. ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದರೆ ಎಳೆಬಿಸಿಲು ಸಂಜೆಬಿಸಿಲು ನೇರ ಕಣ್ಣಿಗೇ. ಎದುರಿನ ಹುಲ್ಲು ಸವರದಿದ್ದರೆ ಬಿಸಿಗಾಳಿಗೆ ಅಲ್ಲಾಡುವ ಹುಲ್ಲಿನ ಸಾವಿರಾರು ಚಿತ್ರಗಳಿಂದ ಕಾರ್ಡ್ ತುಂಬಿ, ಮೂರನೆಯ ದಿನದಿಂದ ಕ್ಯಾಮೆರಾ ಕುರುಡು. ಬ್ಯಾಟರಿ ಬದಲಿಸಿದಾಗ ದಿನಾಂಕ ಹಿಂದಕ್ಕೆ ಹೋಗಿರುವುದನ್ನು ಗಮನಿಸದಿರುವುದು, ಹಗಲು ರಾತ್ರಿ ಅದಲುಬದಲಾಗಿರುವುದು ಪದೇ ಪದೇ ಆಗುವಂಥವು. ಕಟ್ಟಿದಾಗೊಮ್ಮೆ, ಬಿಚ್ಚುವಾಗೊಮ್ಮೆ ಜಾಗದ ಸಂಖ್ಯೆ, ದಿನಾಂಕ, ಗಂಟೆ ಬರೆದ ಹಲಗೆಯನ್ನು ಕ್ಯಾಮೆರಾಕ್ಕೆ ತೋರಿಸಿದರೆ ಇವನ್ನೆಲ್ಲ ಆಮೇಲೆ ತಿದ್ದಬಹುದು. ಕೆಟ್ಟು ನಿಂತ ದಿನಗಳನ್ನು ಒಟ್ಟು ದಿನಗಳಿಂದ ಕಳೆಯಬೇಕು.

ವರ್ಷಗಳ ಹೋಲಿಕೆಗೆ ದೊಡ್ಡ ಅಡ್ಡಿ ಕ್ಯಾಮೆರಾದ ಮಾದರಿಯೇ. ಒಂದು ಸೆಕೆಂಡು ತಡವಾಗಿ ಎಚ್ಚರಗೊಳ್ಳುವ ಹಳೆಯ ಕ್ಯಾಮೆರಾದ ಜಾಗದಲ್ಲಿ ಅದರ ಐದನೇ ಒಂದು ಭಾಗದ ಹೊತ್ತಿನಲ್ಲಿ ಕ್ಲಿಕ್ಕಿಸುವ ಹೊಸದನ್ನು ಕಟ್ಟಿದರೆ, ಓಡುವ ಸಣ್ಣ ಪ್ರಾಣಿಗಳು ಒಮ್ಮೆಲೇ 'ಹೆಚ್ಚಾಗುತ್ತವೆ'. ಹೊಸದಕ್ಕೆ ಬದಲಾಗುವ ವರ್ಷ ಕೆಲವು ಜಾಗಗಳಲ್ಲಾದರೂ ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಕಟ್ಟಿ ವ್ಯತ್ಯಾಸ ಅಳೆದಿಡಬೇಕು.

ಲದ್ದಿಯ ಎಣಿಕೆಯಿಂದ ಆನೆ ಅಂದಾಜಿಸುವಾಗ ಮಳೆ ಮಧ್ಯೆ ಬರುತ್ತದೆ. ಒಂದು ಚದರ ಕಿಲೋಮೀಟರಿಗೆ 1,500 ಲದ್ದಿಗುಪ್ಪೆ, ಆನೆಯೊಂದು ದಿನಕ್ಕೆ 16 ಸಲ ಲದ್ದಿ ಹಾಕುತ್ತದೆ, ಒಂದು ಗುಪ್ಪೆ 90 ದಿನ ಉಳಿಯುತ್ತದೆ ಎಂದು ಹಿಡಿದರೆ 1,500ನ್ನು 1,440ರಿಂದ ಭಾಗಿಸಿ, ಚದರ ಕಿಲೋಮೀಟರಿಗೆ ಸುಮಾರು ಒಂದು ಆನೆ. ಮಳೆ, ಸಗಣಿ ಹುಳು ಸೇರಿ ಗುಪ್ಪೆ 60 ದಿನಕ್ಕೇ ಕರಗುವ ವರ್ಷವಾದರೆ ಅದೇ 1,500 ಗುಪ್ಪೆಗೆ ಒಂದೂವರೆ ಆನೆ. ಕರಗುವ ವೇಗವನ್ನು ಅದೇ ಕಾಡಿನಲ್ಲಿ, ಎಣಿಕೆಗೆ ಮುಂಚಿನ ತಿಂಗಳುಗಳಲ್ಲಿ, ತಾಜಾ ಗುಪ್ಪೆಗಳಿಗೆ ಗುರುತು ಹಾಕಿ ಕಂಡುಕೊಳ್ಳಬೇಕು. ಬೇರೆ ಕಾಡಿನ ಅಂಕಿ ಎರವಲು ತಂದರೆ ಈ ಕೆಲಸಕ್ಕೆ ಅರ್ಥವಿಲ್ಲ.

ಧ್ವನಿ ದಾಖಲೆ ಈಗ ಅಗ್ಗವಾಗಿದೆ. ಸೆಕೆಂಡಿಗೆ 48,000 ಮಾದರಿ, 16 ಬಿಟ್, ಒಂದೇ ಚಾನೆಲ್ ಎಂದರೆ ನಿಮಿಷಕ್ಕೆ 5.76 ಎಂಬಿ, ಪ್ರತಿ ಹತ್ತು ನಿಮಿಷಕ್ಕೆ ಒಂದು ನಿಮಿಷ ದಾಖಲಿಸಿದರೆ ದಿನಕ್ಕೆ 830 ಎಂಬಿ, ತಿಂಗಳಿಗೆ 25 ಜಿಬಿ. ಹಕ್ಕಿ, ಕಪ್ಪೆಗಳಿಗೆ ಇದು ಸಾಕು; ಬಾವಲಿಗಳ ಕೂಗಿಗೆ ಇದರ ನಾಲ್ಕೈದು ಪಟ್ಟು ವೇಗ ಬೇಕು. ಕೂಗು ಗುರುತಿಸುವ ತಂತ್ರಾಂಶ ಕೊಡುವ ಅಂಕವನ್ನು ಎಲ್ಲ ಪ್ರಭೇದಕ್ಕೂ ಒಂದೇ ಮಿತಿ ಇಟ್ಟು ನಂಬಬಾರದು; ಪ್ರತಿ ಪ್ರಭೇದದ ಒಂದಷ್ಟು ತುಣುಕುಗಳನ್ನು ಬಲ್ಲವರು ಕೇಳಿ ಮಿತಿ ನಿಗದಿ ಮಾಡಬೇಕು. ಈ ದಾಖಲೆಗಳ ದೊಡ್ಡ ಬೆಲೆ ಬೇರೆಯದೇ: ಇಪ್ಪತ್ತು ವರ್ಷದ ನಂತರ ಇನ್ನೊಬ್ಬರು ಅದೇ ಮುಂಜಾವನ್ನು ಮತ್ತೆ ಕೇಳಬಹುದು.

ಪಟ್ಟಿಯಿಂದ ವೈವಿಧ್ಯಕ್ಕೆ

ಪ್ರಭೇದಗಳ ಬರಿಯ ಎಣಿಕೆ ವೈವಿಧ್ಯವಲ್ಲ. ಐದು ಪ್ರಭೇದ, ತಲಾ 20 ಜೀವಿ ಇರುವ ಜಾಗಕ್ಕೂ, ಒಂದೇ ಪ್ರಭೇದದ 96, ಉಳಿದ ನಾಲ್ಕರ ತಲಾ ಒಂದು ಇರುವ ಜಾಗಕ್ಕೂ ಎಣಿಕೆ ಐದೇ. ಪ್ರಭೇದಗಳ ಎಣಿಕೆಯನ್ನೂ ಅವುಗಳ ಪಾಲನ್ನೂ ಒಟ್ಟಿಗೆ ಹಿಡಿಯುವ ಶಾನನ್ ಸೂಚ್ಯಂಕವನ್ನು e (ಸುಮಾರು 2.718) ಎಂಬ ಸ್ಥಿರಾಂಕದ ಘಾತವಾಗಿಸಿ 'ಪರಿಣಾಮಕಾರಿ ಪ್ರಭೇದ'ಗಳಿಗೆ, ಅಂದರೆ ಸಮಪಾಲಿನ ಎಷ್ಟು ಪ್ರಭೇದಗಳಿಗೆ ಸಮ ಎಂಬುದಕ್ಕೆ, ಬದಲಿಸಿದರೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 1.25. ಸೂಚ್ಯಂಕವನ್ನು ಹಾಗೇ ಬಿಟ್ಟು 1.61 ಮತ್ತು 0.22 ಎಂದು ಬರೆಯುವುದಕ್ಕಿಂತ ಹೀಗೆ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಇನ್ನೂ ಕಾಣದೆ ಉಳಿದ ಪ್ರಭೇದಗಳೆಷ್ಟು ಎಂಬುದಕ್ಕೂ ಪಟ್ಟಿಯೊಳಗೇ ಸುಳಿವಿದೆ. ಒಂದೇ ಒಂದು ಸಲ ಸಿಕ್ಕ ಪ್ರಭೇದಗಳು ಹೆಚ್ಚಿದ್ದರೆ ಹುಡುಕಾಟ ಮುಗಿದಿಲ್ಲ. ಆನ್ ಚಾವ್ 1984ರಲ್ಲಿ ಕೊಟ್ಟ ಸೂತ್ರದಂತೆ, 62 ಪ್ರಭೇದ ಸಿಕ್ಕು, ಅವುಗಳಲ್ಲಿ 12 ಒಂದೇ ಸಲ, 6 ಎರಡು ಸಲ ಸಿಕ್ಕಿದ್ದರೆ, 12ರ ವರ್ಗವನ್ನು 6ರ ಎರಡರಷ್ಟರಿಂದ ಭಾಗಿಸಿದಾಗ ಬರುವ 12ನ್ನು ಸೇರಿಸಿ, ಕಡಿಮೆಯೆಂದರೂ 74. ಎರಡು ವರ್ಷಗಳನ್ನು ಹೋಲಿಸುವಾಗ ಹೆಚ್ಚು ಶ್ರಮ ಹಾಕಿದ ವರ್ಷದ ದತ್ತಾಂಶವನ್ನು ಕಡಿಮೆ ಶ್ರಮದ ವರ್ಷದ ಮಟ್ಟಕ್ಕೆ ಇಳಿಸಿ ನೋಡುವುದು ಕನಿಷ್ಠ ನ್ಯಾಯ.

ಸಂಖ್ಯೆ ನಿಂತಲ್ಲೇ ನಿಂತರೂ ಪ್ರಭೇದಗಳು ಬದಲಾಗಿರಬಹುದು. ಮರಿಯಾ ಡೊರ್ನೆಲಾಸ್ ಮತ್ತು ಸಂಗಡಿಗರು ಜಗತ್ತಿನ ಬೇರೆ ಬೇರೆ ಭಾಗಗಳ 100 ದೀರ್ಘಕಾಲಿಕ ಸರಣಿಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಥಳೀಯ ಪ್ರಭೇದ ಸಂಖ್ಯೆಯಲ್ಲಿ ಏಕಮುಖವಾದ ಇಳಿಕೆ ಕಾಣಲಿಲ್ಲ. ಕಂಡದ್ದು ಯಾವ ಪ್ರಭೇದಗಳಿವೆ ಎನ್ನುವುದರಲ್ಲಿ ದೊಡ್ಡ ಬದಲಾವಣೆ. ಒಳಗಾಡಿನ ಐದು ಹಕ್ಕಿಗಳು ಹೋಗಿ, ಊರಂಚಿನಲ್ಲೂ ಬದುಕಬಲ್ಲ ಐದು ಬಂದರೆ ಎಣಿಕೆ ಅಷ್ಟೇ ಇರುತ್ತದೆ. ಆದ್ದರಿಂದ ವರದಿಯಲ್ಲಿ ಹೆಸರುಗಳಿರಬೇಕು: ಯಾವುದು ಹೋಯಿತು, ಯಾವುದು ಬಂತು, ಹೋದದ್ದು ಹಳೆಯ ಕಾಡನ್ನೇ ನೆಚ್ಚಿದ್ದೇ.

ಕಾರಣ ಹೇಳುವಾಗ ಹೋಲಿಕೆಯ ಜಾಗ ಬೇಕೇಬೇಕು. ಲಂಟಾನ ಕಿತ್ತ ತಾಕುಗಳಲ್ಲಿ ಸ್ಥಳೀಯ ಸಸಿಗಳು 6ರಿಂದ 9 ಪ್ರಭೇದಕ್ಕೆ ಏರಿದವು ಎನ್ನಿ. ಕೀಳದ ತಾಕುಗಳಲ್ಲೂ ಅದೇ ಅವಧಿಯಲ್ಲಿ 5ರಿಂದ 8ಕ್ಕೆ ಏರಿದ್ದರೆ ಅದು ಒಳ್ಳೆಯ ಮಳೆಯ ಫಲ, ಕಿತ್ತದ್ದರದ್ದಲ್ಲ. ಬಿದಿರು ಹೂಬಿಟ್ಟ ವರ್ಷ ಇಲಿಗಳು ಏರುವುದು, ಬರದ ವರ್ಷ ನೀರಿನ ಬಳಿ ಎಲ್ಲವೂ ಗುಂಪುಗೂಡಿ ಹೆಚ್ಚಿದಂತೆ ತೋರುವುದು ಇವೂ ಇಂಥವೇ. ಎರಡು ವರ್ಷಗಳನ್ನು ಮಾತ್ರ ಹೋಲಿಸಿ ಪ್ರವೃತ್ತಿ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಮುಂದೆ ಬರುವವರಿಗೆ

ಡೇನಿಯಲ್ ಪಾಲಿ 1995ರಲ್ಲಿ ಮೀನುಗಾರಿಕೆಯ ಬಗ್ಗೆ ಬರೆಯುತ್ತ ಹೇಳಿದ್ದು ಕಾಡಿಗೂ ಅನ್ವಯಿಸುತ್ತದೆ: ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ. ಅದನ್ನು ತಿದ್ದುವುದಕ್ಕೆ ಹಳೆಯ ಟಿಪ್ಪಣಿಗಳು ಬೇಕು. ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ 1900ರ ದಶಕದ ಆರಂಭದಿಂದ ಕ್ಯಾಲಿಫೋರ್ನಿಯಾದ ಕಾಡುಮೇಡುಗಳಲ್ಲಿ ತಮ್ಮ ತಂಡದೊಡನೆ ಅಂಥ ಟಿಪ್ಪಣಿ ಬರೆದರು. ಎಲ್ಲಿ ಎಷ್ಟು ಬೋನು ಇಟ್ಟರು, ಎಷ್ಟು ರಾತ್ರಿ, ಏನು ಸಿಕ್ಕಿತು, ಎಲ್ಲವೂ ಅದರಲ್ಲಿದೆ. ಈ ದಾಖಲೆಗಳ ಪೂರ್ಣ ಬೆಲೆ ತಿಳಿಯಲು ನೂರು ವರ್ಷವೇ ಆಗಬಹುದು ಎಂದು ಅವರು 1910ರಲ್ಲೇ ಬರೆದಿದ್ದರು. 2003ರಿಂದ, ಅವರು ನಿರ್ದೇಶಕರಾಗಿದ್ದ ಬರ್ಕ್ಲಿಯ ಪ್ರಾಣಿ ಸಂಗ್ರಹಾಲಯದವರು ಅದೇ ಜಾಗಗಳಿಗೆ ಮರಳಿದರು. ಯೊಸೆಮಿಟಿಯಲ್ಲಿ ನೋಡಿದ 28 ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟರ ನೆಲೆ ಬೆಟ್ಟದ ಮೇಲಕ್ಕೆ ಸರಿದಿತ್ತು, ಸರಾಸರಿ ಸುಮಾರು 500 ಮೀಟರ್. ಕಾಣದೆ ತಪ್ಪಿದ ಸಾಧ್ಯತೆಯನ್ನು ಎರಡೂ ಕಾಲಕ್ಕೆ ಲೆಕ್ಕ ಹಾಕಿ ಹೀಗೆ ಹೇಳಲು ಸಾಧ್ಯವಾದದ್ದು ಗ್ರಿನೆಲ್ ತಂಡ ಬೋನುಗಳು ಖಾಲಿ ಉಳಿದ ರಾತ್ರಿಗಳನ್ನೂ ಬರೆದಿಟ್ಟಿದ್ದರಿಂದ.

ಹಾಗಾಗಿ ಕಡತಕ್ಕೆ ಹೋಗಬೇಕಾದದ್ದು ಸಾರಾಂಶದ ಕೋಷ್ಟಕವಲ್ಲ, ಕಚ್ಚಾ ದಾಖಲೆ. ಪ್ರತಿ ಭೇಟಿಗೂ ಒಂದು ಸಾಲು, ಏನೂ ಸಿಗದ ಭೇಟಿಗೂ ಒಂದು ಸಾಲು. ಹೊರಟ ಗಂಟೆ, ಮುಗಿಸಿದ ಗಂಟೆ, ನಡೆದವರು ಯಾರು ಎಂಬ ಸಂಕೇತ, ಮೋಡ, ಗಾಳಿ, ಉಪಕರಣದ ಮಾದರಿ ಮತ್ತು ಅದರ ಸೆಟ್ಟಿಂಗ್. ಪ್ರಭೇದದ ವೈಜ್ಞಾನಿಕ ಹೆಸರು, ಯಾವ ವರ್ಷದ ಪಟ್ಟಿಯಂತೆ ಎಂಬ ಸಮೇತ, ಏಕೆಂದರೆ ಒಂದು ಪ್ರಭೇದ ಎರಡಾಗಿ ಒಡೆದಾಗ ಹಳೆಯ ಸಾಲನ್ನು ಯಾವುದಕ್ಕೆ ಸೇರಿಸುವುದೆಂದು ಆಮೇಲಿನವರಿಗೆ ತಿಳಿಯಬೇಕು. ತಂತ್ರಾಂಶ ಬದಲಾದರೂ ತೆರೆಯುವಂಥ ಸರಳ ಪಠ್ಯ ಕಡತ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ. ಅಕ್ಷಾಂಶ ರೇಖಾಂಶಗಳ ಪಕ್ಕದಲ್ಲಿ ಅವನ್ನು ಯಾವ ಡೇಟಮ್ಮಿನಲ್ಲಿ (ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಭೂಮಿಯ ಆಕಾರದ ಆಧಾರ) ತೆಗೆದದ್ದು ಎಂದೂ ಬರೆಯಿರಿ. ಹಳೆಯ ಭೂಪಟದ ಎವರೆಸ್ಟ್ ಡೇಟಮ್ಮಿನಿಂದ ಓದಿದ ಬಿಂದುವನ್ನು ಇಂದಿನ ಜಿಪಿಎಸ್‌ಗೆ ಹಾಗೇ ಕೊಟ್ಟರೆ ತಾಕು ಇದ್ದ ಜಾಗವೇ ಸರಿದುಹೋಗುತ್ತದೆ. ಮೂಲೆಗಳಿಗೆ ಮರದ ಗೂಟ ಬೇಡ, ಗೆದ್ದಲು ತಿನ್ನುತ್ತದೆ. ಕಲ್ಲು ಹುಗಿಯಿರಿ, ಪಕ್ಕದ ದೊಡ್ಡ ಮರ ಮತ್ತು ಬಂಡೆಯಿಂದ ಅದಕ್ಕಿರುವ ದೂರ, ದಿಕ್ಕನ್ನು ಕಡತದ ಮೊದಲ ಪುಟದಲ್ಲೇ ಬರೆಯಿರಿ.